ವ್ಯಾಯಾಮವು ಎಲ್ಲರಿಗೂ ಒಂದೇ ಮದ್ದೇ?

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಕಳೆದ ಕ್ರೀಡಾದಿನದಂದು ಬಹುಮಾನ ಹಂಚಲು ನಮ್ಮ ಕಾಲೇಜಿಗೆ ಬಂದಿದ್ದ ಅತಿಥಿಗಳೊಬ್ಬರು ಮಾತಿನ ಭರದಲ್ಲಿ, ದೌರ್ಬಲ್ಯವೆಂಬುದು ಸೋಮಾರಿತನದ ಇನ್ನೊಂದು ಹೆಸರು, ದಿನಕ್ಕೆ ಅರ್ಧ ಗಂಟೆ ಬೆವರು ಸುರಿಸಿದರೆ ದುರ್ಬಲರೆಂಬವರೇ ಲೋಕದಲ್ಲಿ ಇರಲಾರರು ಎಂದರು. ಮೈದಾನದ ಮೂಲೆಮೂಲೆಯಿಂದ ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿಯರೂ ತಟ್ಟಿದರು. ನನ್ನ ಕೈ ಮಾತ್ರ ಏಳಲಿಲ್ಲ. ಅತಿಥಿಗಳ ಮೇಲೆ ನನಗೆ ಮುನಿಸಿಲ್ಲ. ಅವರು ಹೇಳಿದ್ದು ನಾವೆಲ್ಲರೂ ನಂಬಿರುವ ಮಾತನ್ನೇ. ನಮ್ಮ ಮನೆಯಲ್ಲಿಯೂ ಒಂದು ಕಾಲಕ್ಕೆ ಅದನ್ನೇ ನಂಬಿದ್ದೆವು, ಮತ್ತು ಆ ನಂಬಿಕೆಗೆ ಬೆಲೆ ತೆತ್ತವನು ನನ್ನ ತಮ್ಮ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ಸಂಪಾದಕ ಮಂಡಳಿಯವರಲ್ಲಿ ಜಾಗ ಕೇಳಿಕೊಂಡೆ.

ಇದನ್ನು ಓದುವ ಅಧ್ಯಾಪಕರೂ ಸಹಪಾಠಿಗಳೂ ನನ್ನನ್ನು ವ್ಯಾಯಾಮದ್ವೇಷಿಯೆಂದು ತಿಳಿಯಬಾರದು. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ಶರೀರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಮನೆಯಲ್ಲಿ ರೋಗವೊಂದು ಬಂದು ಕುಳಿತರೆ, ಮನೆಯಲ್ಲಿ ಓದುಬಲ್ಲವರು ಯಾರೋ ಅವರು ವೈದ್ಯರ ಚೀಟಿಯನ್ನೂ ಅದರ ಹಿಂದಿನ ಶಾಸ್ತ್ರವನ್ನೂ ಓದಲೇಬೇಕಾಗುತ್ತದೆ. ನಮ್ಮ ಮನೆಯಲ್ಲಿ ಪಿ.ಯು.ಸಿ. ದಾಟಿದವಳು ನಾನೊಬ್ಬಳೇ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಬಲವನ್ನು ಮೆಚ್ಚುವುದು ನಮ್ಮ ತುಳುನಾಡಿನ ರಕ್ತದಲ್ಲಿಯೇ ಇದೆ. ಘಟ್ಟದ ಮೇಲಿನವರಿಗೆ ಗರಡಿಯೆಂದರೆ ಕುಸ್ತಿಯ ಮನೆ. ನಮಗೆ ಅದು ಕೋಟಿ-ಚೆನ್ನಯರನ್ನು ಆರಾಧಿಸುವ ಸ್ಥಾನ. ಕಂಕನಾಡಿಯ ಗರಡಿಗೆ ಹೋಗಿ ಕೈಮುಗಿಯುವವರಲ್ಲಿ ಎಷ್ಟು ಮಂದಿಗೆ ಆ ಶಬ್ದದ ಮೂಲಾರ್ಥ ನೆನಪಿರುತ್ತದೆಯೋ ನಾನರಿಯೆ. ನವರಾತ್ರಿಯಲ್ಲಿ ಹುಲಿವೇಷದವರು ಸುಮಾರು 40 ಕಿಲೋ ತೂಗುವ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆಸೆಯುವಾಗ ಉಸಿರು ಬಿಗಿಹಿಡಿದು ನೋಡದವರಾರು? ಇನ್ನು ಕಂಬಳದ ಮಾತಂತೂ ಹೇಳಬೇಕಾದುದೇ ಇಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ ದೇಶಕ್ಕೆ ದೇಶವೇ ಅವರನ್ನು ಉಸೇನ್ ಬೋಲ್ಟನ ಜೊತೆ ಹೋಲಿಸಿತು. ಕೋಣ ಎಳೆಯುವುದಕ್ಕೂ ಒಂಟಿಯಾಗಿ ಓಡುವುದಕ್ಕೂ ವ್ಯತ್ಯಾಸವಿದೆ ಎಂಬುದು ಬೇರೆ ಮಾತು. ಆ ವಾರವಿಡೀ ನನ್ನ ತಮ್ಮ ನೆರೆಮನೆಯವರ ಮೊಬೈಲಿನಲ್ಲಿ ಆ ಓಟವನ್ನು ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ಆಗ ಅವನಿಗೆ 9 ವರ್ಷ. ಗೋಡೆ ಹಿಡಿಯದೆ ನಡೆಯುವುದೇ ಅವನಿಗೆ ಕಷ್ಟವಾಗತೊಡಗಿತ್ತು.

ನನ್ನ ಅಪ್ಪ ಬಂದರಿನಲ್ಲಿ ಅಕ್ಕಿಗೋಣಿ ಹೊರುವವರು. 50 ಕಿಲೋದ ಗೋಣಿಯನ್ನು ಲಾರಿಯಿಂದ ಹೆಗಲಿಗೆ, ಹೆಗಲಿನಿಂದ ಗೋದಾಮಿನ ಅಟ್ಟಿಗೆ ಏರಿಸುತ್ತ ಇಪ್ಪತ್ತೈದು ವರ್ಷ ಕಳೆದಿದ್ದಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ಇವರಿಬ್ಬರ ಮೈಯನ್ನು ನೋಡಿಯೇ ಸ್ನಾಯುವಿನ ಶಾಸ್ತ್ರದ ಮೊದಲ ಪಾಠವನ್ನು ಕಲಿಯಬಹುದು ಎಂಬುದು ನನಗೆ ಆಮೇಲೆ ಹೊಳೆಯಿತು. ಬಂದರಿಗೆ ಹೊಸದಾಗಿ ಬಂದ ಹುಡುಗ ಮೊದಲ ವಾರ ಗೋಣಿಯಡಿ ತತ್ತರಿಸುತ್ತಾನೆ. ತಿಂಗಳಾಗುವುದರೊಳಗೆ ಸಲೀಸಾಗಿ ಹೊರುತ್ತಾನೆ. ಆದರೆ ಆ ತಿಂಗಳಲ್ಲಿ ಅವನ ತೋಳು ಕಣ್ಣಿಗೆ ಕಾಣುವಷ್ಟು ದಪ್ಪವಾಗಿರುವುದಿಲ್ಲ. ಹಾಗಾದರೆ ಬಲ ಎಲ್ಲಿಂದ ಬಂತು?

ಎಲುಬಿಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ನಡೆಯುವ ಸ್ನಾಯುಗಳು ನಮ್ಮ ಮೈಯಲ್ಲಿ 600ಕ್ಕೂ ಹೆಚ್ಚಿವೆ. ಮೈತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಅವುಗಳದೇ. ಒಂದೊಂದು ಸ್ನಾಯುವೂ ಕೂದಲಿನಷ್ಟು ಸಪೂರವಾದ, ಅದಕ್ಕಿಂತಲೂ ಸಪೂರವಾದ, ಅಸಂಖ್ಯ ಎಳೆಗಳ ಕಟ್ಟು. ಎಳೆಯೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ತಂತುಗಳು ಒಂದರ ಮೇಲೊಂದು ಜಾರುವುದರಿಂದಲೇ ಸ್ನಾಯು ಕುಗ್ಗುವುದು. ಇದನ್ನು 1954ರಲ್ಲಿ ಎರಡು ಜೋಡಿ ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದರು. ಎರಡೂ ಜೋಡಿಯಲ್ಲಿ ಒಬ್ಬೊಬ್ಬ ಹಕ್ಸ್ಲಿ ಇದ್ದರು, ಆದರೆ ಅವರಿಬ್ಬರೂ ಸಂಬಂಧಿಕರಲ್ಲ! ಎಳೆಗಳು ತಮ್ಮಷ್ಟಕ್ಕೆ ತಾವೇ ಕುಗ್ಗಲಾರವು. ಬೆನ್ನುಹುರಿಯಿಂದ ಹೊರಟ ನರವು ಕವಲೊಡೆದು ಹತ್ತಾರು, ಕೆಲವೆಡೆ ನೂರಾರು ಎಳೆಗಳಿಗೆ ಆಜ್ಞೆಯನ್ನು ಮುಟ್ಟಿಸಬೇಕು. ಹೊಸಬನಿಗೆ ಮೊದಲ ತಿಂಗಳಲ್ಲಿ ಬರುವ ಬಲವು ಹೆಚ್ಚಾಗಿ ಈ ನರಗಳ ಕಲಿಕೆ. ಮಲಗಿದ್ದ ಎಳೆಗಳನ್ನು ಎಬ್ಬಿಸಲು, ಎಲ್ಲವನ್ನೂ ಒಟ್ಟಿಗೆ ದುಡಿಸಲು ಅವು ಕಲಿಯುತ್ತವೆ. ಅಮ್ಮನ ಬೆರಳುಗಳು ಕಣ್ಣು ಹಾಯಿಸದೆಯೇ ಎಲೆ ಸುತ್ತಿ ನೂಲು ಬಿಗಿಯುವುದೂ ಇಂತಹ ಕಲಿಕೆಯೇ.

ಸ್ನಾಯು ದಪ್ಪವಾಗುವುದು ಆಮೇಲಿನ ಮಾತು. ಎಳೆಗಳ ಸಂಖ್ಯೆ ಬೆಳೆದ ಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಇದ್ದ ಎಳೆಯೇ ದಪ್ಪವಾಗುತ್ತದೆ. ದೂರ ಓಡುವವರಲ್ಲಿ ಬೇರೆ ರೀತಿಯ ಬದಲಾವಣೆ: ಎಳೆಯೊಳಗೆ ಆಹಾರವನ್ನು ಉರಿಸಿ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇದನ್ನು ಜಾನ್ ಹೊಲೊಸಿ ಎಂಬವರು 1967ರಲ್ಲಿ ಇಲಿಗಳನ್ನು ಓಡಿಸಿ ತೋರಿಸಿದರು. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ ಇನ್ನೊಂದು. ಅಭ್ಯಾಸವಿಲ್ಲದ ಭಾರೀ ಶ್ರಮದಲ್ಲಿ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. ಮೊದಲ ದಿನದ ಡ್ರಿಲ್ಲಿನ ಮಾರನೆಯ ದಿನ ನಾವೆಲ್ಲ ಕಾಲು ನೋವೆಂದು ನರಳುವುದು ಅದರಿಂದಲೇ. ಹರಿದುದನ್ನು ಹೊಲಿಯಲು ಎಳೆಯ ಅಂಚಿನಲ್ಲಿಯೇ ಪುಟ್ಟ ಕೋಶಗಳು ಕಾದು ಕುಳಿತಿರುತ್ತವೆ. ಅಲೆಗ್ಸಾಂಡರ್ ಮೌರೊ ಎಂಬವರು 1961ರಲ್ಲಿ ಅವನ್ನು ಮೊದಲು ಗುರುತಿಸಿದರು. ವಿಶ್ರಾಂತಿಯ ಹೊತ್ತಿನಲ್ಲಿ ಅವು ಎದ್ದು ರಿಪೇರಿ ಮಾಡುತ್ತವೆ, ಹಿಂದಿಗಿಂತ ಗಟ್ಟಿಯಾಗಿ ಮಾಡುತ್ತವೆ. ಅಂದರೆ ವ್ಯಾಯಾಮದಿಂದ ಬಲ ಬರುತ್ತದೆ ಎನ್ನುವ ನಮ್ಮ ಮಾತಿನ ಹಿಂದೆ ಹೇಳದೆ ಬಿಟ್ಟ ಇನ್ನೊಂದು ಮಾತಿದೆ: ಎಳೆಗೆ ಆ ಪೆಟ್ಟನ್ನು ತಡೆದುಕೊಳ್ಳುವ ಶಕ್ತಿ ಇರಬೇಕು. ಇಲ್ಲದಿದ್ದರೆ? ಆ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ.

ತಮ್ಮನಿಗೆ ನಾಲ್ಕೈದು ವರ್ಷವಾಗಿದ್ದಾಗ ಅವನ ಮೀನಖಂಡಗಳು ತುಂಬಿಕೊಂಡು ಉರುಟುರುಟಾಗಿದ್ದವು. ಅಮ್ಮನ ಕಡೆಯ ನೆಂಟರೊಬ್ಬರು, ಕಂಬಳದಲ್ಲಿ ಕೋಣ ಓಡಿಸಿ ಗೊತ್ತಿದ್ದವರು, ಅವನ ಕಾಲನ್ನು ಹಿಡಿದು ನೋಡಿ, "ಇವ ಓಡ್ಲಿಕ್ಕೇ ಹುಟ್ಟಿದವ ಮಾರಾಯ್ತಿ, ಈ ಕಾಲು ನೋಡು" ಎಂದರು. ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ದೃಷ್ಟಿ ತಾಗೀತೆಂದು ಉಪ್ಪು-ಮೆಣಸು ನೀವಾಳಿಸಿದರು. ಆದರೆ ಓಡಲು ಹುಟ್ಟಿದವನು ಓಡುತ್ತಿರಲಿಲ್ಲ. ತುದಿಗಾಲಿನಲ್ಲಿ ನಡೆಯುತ್ತಿದ್ದ. ಸಮನೆಲದ ಮೇಲೆಯೇ ಬೀಳುತ್ತಿದ್ದ. ಕುಳಿತಲ್ಲಿಂದ ಏಳಬೇಕಾದರೆ ಮೊದಲು ನೆಲಕ್ಕೆ ಎರಡೂ ಕೈಯೂರಿ ಸೊಂಟವನ್ನೆತ್ತಿ, ಅನಂತರ ಒಂದು ಕೈ ಮೊಣಕಾಲಿಗೆ, ಇನ್ನೊಂದು ಕೈ ತೊಡೆಗೆ ಊರುತ್ತ, ತನ್ನ ಮೈಯನ್ನು ತಾನೇ ಏಣಿಯಂತೆ ಹತ್ತಿ ನಿಲ್ಲುತ್ತಿದ್ದ. ಅದನ್ನು ನೋಡಿ ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ. ಲಂಡನ್ನಿನ ಗವರ್ಸ್ ಎಂಬ ವೈದ್ಯರು ಮಗುವು ಹೀಗೆ ಏಳುವುದನ್ನು 1879ರಲ್ಲಿಯೇ ರೋಗಲಕ್ಷಣವೆಂದು ವಿವರಿಸಿ ಬರೆದಿಟ್ಟಿದ್ದರು ಎಂಬುದು ನಮಗೆ ತಿಳಿಯುವಾಗ ಸುಮಾರು ಮೂರು ವರ್ಷ ಕಳೆದಿತ್ತು.

ಆ ಮೂರು ವರ್ಷಗಳಲ್ಲಿ ಏನು ಮಾಡಿದೆವೆಂದು ಹೇಳಲು ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಅವನು ಸಾಲಿನಲ್ಲಿ ಹಿಂದೆ ಬಿದ್ದಾಗಲೆಲ್ಲ ಬಸ್ಕಿ ಹೊಡೆಸಿದರು. ಅದು ಶಿಕ್ಷೆಗಿಂತ ಹೆಚ್ಚಾಗಿ ಉಪಕಾರವೆಂದೇ ಭಾವಿಸಿದ್ದರು. ಕಾಲಿಗೆ ಬಲ ಬರುತ್ತದೆಂದು ಅಪ್ಪನಿಗೂ ಹೇಳಿ ಕಳುಹಿಸಿದ್ದರು. ಅಪ್ಪನಿಗೆ ಅದು ಸರಿಯೆನಿಸಿತು. ಬಂದರಿನಲ್ಲಿ ಅವರ ಮೈ ಗಟ್ಟಿಯಾದದ್ದೂ ಹಾಗೆಯೇ ಅಲ್ಲವೆ? ನಮ್ಮ ಮನೆಯಿಂದ ರಸ್ತೆಗೆ ಇಳಿಯಲು ಮುರಕಲ್ಲಿನ 22 ಮೆಟ್ಟಿಲುಗಳಿವೆ. ಸಂಜೆ ಕೆಲಸದಿಂದ ಬಂದವರೇ ತಮ್ಮನನ್ನು ಕರೆದುಕೊಂಡು ಹತ್ತಿಸುವುದು, ಇಳಿಸುವುದು, ಹತ್ತು ಸಲ. ಅವನು ಅತ್ತರೆ, "ಗಂಡು ಹುಡುಗ, ಇಷ್ಟಕ್ಕೆಲ್ಲ ಅಳ್ತಾರಾ?" ಎನ್ನುತ್ತಿದ್ದರು. ಲೆಕ್ಕವನ್ನು ಗಟ್ಟಿಯಾಗಿ ಹೇಳುತ್ತಿದ್ದವಳು ನಾನು.

ಅವನಿಗೆ 7 ವರ್ಷವಾದಾಗ ಮಕ್ಕಳ ವೈದ್ಯರೊಬ್ಬರು ಅವನು ನೆಲದಿಂದ ಎದ್ದ ರೀತಿಯನ್ನು ನೋಡಿದೊಡನೆ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಸ್ನಾಯು ಹರಿದಾಗ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ವಸ್ತು ರಕ್ತದಲ್ಲಿ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಿ ಬನ್ನಿ ಎಂದರು. ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಹೋದೆವು. ಜೀನಿನ ಪರೀಕ್ಷೆಯಾದ ಮೇಲೆ ರೋಗದ ಹೆಸರು ತಿಳಿಯಿತು: ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3,500ರಿಂದ 5,000ಕ್ಕೆ ಒಬ್ಬರಿಗೆ ಬರುವ ರೋಗ.

ಸ್ನಾಯುವಿನ ಎಳೆಯೊಳಗಿನ ಚೌಕಟ್ಟನ್ನು ಅದರ ಹೊರಗಿನ ಪೊರೆಗೆ ಬಿಗಿದು ಹಿಡಿಯುವ ಪ್ರೋಟೀನು ಒಂದಿದೆ. ಡಿಸ್ಟ್ರೋಫಿನ್ ಎಂದು ಹೆಸರು. ಅಮೆರಿಕದ ಲೂಯಿ ಕುಂಕೆಲ್ ಅವರ ಪ್ರಯೋಗಶಾಲೆಯವರು 1987ರಲ್ಲಿ ಇದನ್ನು ಗುರುತಿಸಿದರು. ಅದನ್ನು ತಯಾರಿಸಲು ಬೇಕಾದ ಜೀನು ಮನುಷ್ಯನಲ್ಲಿರುವ ಅತ್ಯಂತ ಉದ್ದದ ಜೀನುಗಳಲ್ಲೊಂದು, 20 ಲಕ್ಷಕ್ಕೂ ಹೆಚ್ಚು ಅಕ್ಷರಗಳದು. ಅಷ್ಟು ಉದ್ದದ ಬರೆಹದಲ್ಲಿ ತಪ್ಪುಗಳು ನುಸುಳುವುದು ಆಶ್ಚರ್ಯವಲ್ಲ. ಡುಶೇನ್ ರೋಗದಲ್ಲಿ ಈ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಮನೆಗೆ ಬಂದು ಅಮ್ಮನಿಗೆ ನಾನು ನನಗೆ ತಿಳಿದಂತೆ ವಿವರಿಸಿದಾಗ ಅವರು ಮೊರದಿಂದ ಒಂದು ಬೀಡಿಯನ್ನೆತ್ತಿ, "ನೂಲು ಕಟ್ಟದ ಬೀಡಿಯ ಹಾಗೆ" ಎಂದರು. ಅದಕ್ಕಿಂತ ಚೆನ್ನಾಗಿ ಹೇಳಲು ನನ್ನಿಂದ ಇಂದಿಗೂ ಆಗಿಲ್ಲ. ಸುತ್ತಿದ ಎಲೆ ಸರಿಯಾಗಿಯೇ ಇರುತ್ತದೆ, ಒಳಗಿನ ಹೊಗೆಸೊಪ್ಪೂ ಸರಿಯೇ. ಕೈಯಲ್ಲಿ ಹಿಡಿದು ಸ್ವಲ್ಪ ಅದುಮಿದರೆ ಬಿಚ್ಚಿಕೊಳ್ಳುತ್ತದೆ.

ಹೀಗೆ ಬಿಚ್ಚಿಕೊಂಡ ಎಳೆಗಳನ್ನು ರಿಪೇರಿ ಮಾಡಿ ಮಾಡಿ ಆ ಕಾವಲು ಕೋಶಗಳು ಸೋಲುತ್ತವೆ. ಸ್ನಾಯುವಿದ್ದ ಜಾಗದಲ್ಲಿ ಕೊಬ್ಬೂ ನಾರೂ ತುಂಬಿಕೊಳ್ಳುತ್ತವೆ. ನಮ್ಮ ನೆಂಟರು ಹೊಗಳಿದ, ಅಮ್ಮ ದೃಷ್ಟಿ ತೆಗೆದ ಆ ತುಂಬಿದ ಮೀನಖಂಡ ರೋಗದ್ದೇ ಗುರುತು. ಇನ್ನೂ ಒಂದು ಮಾತು. ಸ್ನಾಯುವಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಅದು ಭಾರವನ್ನು ತಡೆಯುತ್ತಲೇ ಉದ್ದವಾಗುವಾಗ. ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯು ಮಾಡುವ ಕೆಲಸ ಅದು. ಬಸ್ಕಿಯಲ್ಲಿ ಕೂರುವಾಗ ಮಾಡುವ ಕೆಲಸವೂ ಅದೇ. ಡಿಸ್ಟ್ರೋಫಿನ್ ಇಲ್ಲದ ಸ್ನಾಯು ಇಂತಹ ಕೆಲಸದಲ್ಲಿ ಉಳಿದ ಸ್ನಾಯುಗಳಿಗಿಂತ ಹೆಚ್ಚು ಹರಿಯುತ್ತದೆಂದು 1993ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂತು. ಎಂದರೆ, ಲೋಕದಲ್ಲಿರುವ ಎಲ್ಲ ವ್ಯಾಯಾಮಗಳೊಳಗಿಂದ ತಮ್ಮನಿಗೆ ಕೇಡು ಮಾಡತಕ್ಕ ಎರಡನ್ನೇ ಆರಿಸಿ ನಾವು ಮಾಡಿಸಿದ್ದೆವು. ಬಸ್ಕಿ ಹೊಡೆಸದಿದ್ದರೆ ರೋಗ ಬರುತ್ತಿರಲಿಲ್ಲ ಎಂದಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ವೈದ್ಯರು ಅಪ್ಪನಿಗೆ ಅದನ್ನು ಮೂರು ಸಲ ಬಿಡಿಸಿ ಹೇಳಿದರು. ಅಪ್ಪ ಏನೂ ಮಾತಾಡಲಿಲ್ಲ. ಊರಿಗೆ ಬಂದ ಮೇಲೆ ನಾಲ್ಕು ದಿನ ಬಂದರಿಗೆ ಹೋಗಲಿಲ್ಲ. ಆಮೇಲೆ ತಮ್ಮನನ್ನು ಆ 22 ಮೆಟ್ಟಿಲುಗಳಲ್ಲಿ ಹೆಗಲ ಮೇಲೆ ಹೊತ್ತು ಇಳಿಸತೊಡಗಿದರು. ಇಂದಿಗೂ ಹೊರುತ್ತಾರೆ.

ಇಷ್ಟನ್ನು ಓದಿದ ಕೆಲವರು, ಹಾಗಾದರೆ ಇಂತಹ ಮಕ್ಕಳನ್ನು ಅಲುಗಾಡದಂತೆ ಮಲಗಿಸಿಡುವುದೇ ಲೇಸು ಎನ್ನಬಹುದು. ನಾವೂ ಕೆಲವು ತಿಂಗಳು ಹಾಗೆಯೇ ಮಾಡಿದೆವು. ಅವನು ಲೋಟ ಎತ್ತಿದರೂ ಕೈಯಿಂದ ಕಸಿದುಕೊಳ್ಳುತ್ತಿದ್ದೆವು. ಅದೂ ತಪ್ಪೇ. ದುಡಿಯದ ಸ್ನಾಯು ಯಾರದ್ದಾದರೂ ಕರಗುತ್ತದೆ, ಕೀಲುಗಳು ಸೆಟೆದುಕೊಳ್ಳುತ್ತವೆ. ನೆದರ್‌ಲ್ಯಾಂಡಿನ ವೈದ್ಯರು ಈ ರೋಗದ 30 ಹುಡುಗರನ್ನು ತೆಗೆದುಕೊಂಡು, ಮೋಟಾರಿನ ನೆರವಿರುವ ಸೈಕಲನ್ನು ಕೈಕಾಲುಗಳಿಂದ ಹಗುರವಾಗಿ ತುಳಿಸಿ ನೋಡಿದರು. ತುಳಿದವರು ತುಳಿಯದವರಿಗಿಂತ ನಿಧಾನವಾಗಿ ಶಕ್ತಿ ಕಳೆದುಕೊಂಡರೆಂದು 2013ರಲ್ಲಿ ವರದಿ ಮಾಡಿದರು. ಆದುದರಿಂದ ಈಗ ವೈದ್ಯರು ಹೇಳುವುದು ನಡುವಿನ ದಾರಿ: ಆಯಾಸವಾಗದಷ್ಟು ಚಲನೆ, ನೀರಿನಲ್ಲಿ ಈಜು, ದಿನವೂ ಹಿಮ್ಮಡಿಯ ನರ ಎಳೆದು ಸಡಿಲಿಸುವುದು, ರಾತ್ರಿ ಪಾದಕ್ಕೆ ಪಟ್ಟಿ. ಮಾರನೆಯ ದಿನ ನೋವು ಉಳಿದರೆ, ಮೂತ್ರ ಕಪ್ಪಾದರೆ, ಮಾಡಿದ್ದು ಹೆಚ್ಚಾಯಿತೆಂದು ಅರ್ಥ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ತಮ್ಮನ ಪಾದಗಳನ್ನು ಹಿಡಿದು ಎಳೆದು ನೂರು ಎಣಿಸುವುದು ನನ್ನ ಕೆಲಸ. ಮೆಟ್ಟಿಲು ಎಣಿಸಿದ್ದಕ್ಕೆ ಪ್ರಾಯಶ್ಚಿತ್ತವೋ ಏನೋ.

ಸ್ಟೀರಾಯ್ಡ್ ಮಾತ್ರೆಗಳು ನಡಿಗೆಯ ಕಾಲವನ್ನು ಕೆಲವು ವರ್ಷ ಮುಂದಕ್ಕೊಯ್ಯುತ್ತವೆ. ಮೈ ಊದುತ್ತದೆ, ಎಲುಬು ಸವೆಯುತ್ತದೆ, ಆದರೂ ಕೊಡಬೇಕು. ತಮ್ಮ 11ನೆಯ ವಯಸ್ಸಿನಲ್ಲಿ ನಡೆಯುವುದನ್ನು ನಿಲ್ಲಿಸಿದ. ಈಗ 14. ಗಾಲಿಕುರ್ಚಿಯಲ್ಲಿ ಕುಳಿತು 9ನೆಯ ತರಗತಿ ಓದುತ್ತಿದ್ದಾನೆ. ಮುಂದೆ ಉಸಿರಾಟದ ಸ್ನಾಯುಗಳಿಗೂ ಹೃದಯಕ್ಕೂ ಸರದಿ ಬರುವುದೆಂದು ನಮಗೆ ಗೊತ್ತಿದೆ. ಅವನಿಗೂ ಗೊತ್ತಿದೆ. ಪತ್ರಿಕೆಗಳಲ್ಲಿ ಹೊಸ ಔಷಧಗಳ ಸುದ್ದಿ ಬಂದಾಗಲೆಲ್ಲ ನೆಂಟರು ಕತ್ತರಿಸಿ ಕಳುಹಿಸುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆಯೊಂದಕ್ಕೆ 32 ಲಕ್ಷ ಡಾಲರು ಬೆಲೆ. ನಮ್ಮ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಡುಶೇನ್ ರೋಗದ ಹೆಸರಿದೆ. ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಿದರು. ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಅಷ್ಟಾಗಿಯೂ ಆ ಚಿಕಿತ್ಸೆ ಪಡೆದ, ನಡೆಯಲಾರದ ಹುಡುಗರಿಬ್ಬರು 2025ರಲ್ಲಿ ಯಕೃತ್ತು ಕೆಟ್ಟು ತೀರಿಕೊಂಡರು. ಆ ಸುದ್ದಿಯನ್ನು ಯಾರೂ ಕತ್ತರಿಸಿ ಕಳುಹಿಸಲಿಲ್ಲ.

ಸ್ನಾಯು ದುರ್ಬಲವಾಗುವುದು ಒಂದೇ ಬಗೆಯಲ್ಲಿ ಅಲ್ಲ. ಜನರಿಗೆ ತಿಳಿಯಬೇಕಾದದ್ದು ಇದು. ಪೋಲಿಯೋವನ್ನೇ ನೋಡಿ. ಅದರಲ್ಲಿ ಸಾಯುವುದು ಬೆನ್ನುಹುರಿಯ ನರಕೋಶ. ಸ್ನಾಯುವಿನ ಎಳೆಯಲ್ಲಿ ದೋಷವಿಲ್ಲ. ಉಳಿದುಕೊಂಡ ನರಗಳು ಹೊಸ ಕವಲುಗಳನ್ನು ಚಾಚಿ ಅನಾಥವಾದ ಎಳೆಗಳನ್ನು ತಮ್ಮದಾಗಿಸಿಕೊಳ್ಳುತ್ತವೆ. ಅಲ್ಲಿ ಹದವರಿತ ಅಭ್ಯಾಸ ಫಲ ಕೊಡುತ್ತದೆ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರಿಗೆ ಹಸುಗೂಸಾಗಿದ್ದಾಗಲೇ ಪೋಲಿಯೋ ಬಡಿದು ಮೈಯೆಲ್ಲ ನಿಶ್ಚೇಷ್ಟಿತವಾಗಿತ್ತು. ದೀರ್ಘಕಾಲದ ಚಿಕಿತ್ಸೆಯಿಂದ ಮೈಯ ಮೇಲ್ಭಾಗಕ್ಕೆ ಬಲ ಮರಳಿತು. ಗಾಲಿಕುರ್ಚಿಯಲ್ಲಿ ಕುಳಿತೇ ಗುಂಡು, ಚಕ್ರ, ಭರ್ಜಿ ಎಸೆದು ದೇಶದೇಶಗಳಲ್ಲಿ ಪದಕ ಗೆದ್ದರು. 2001ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರವನ್ನು ತೋರಿಸಿ ನನ್ನ ತಮ್ಮನಿಗೆ, "ನೋಡು, ಮನಸ್ಸು ಮಾಡಿದರೆ ಆಗುತ್ತದೆ" ಎಂದು ಉಪದೇಶಿಸಿದವರಿದ್ದಾರೆ. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರ ಎಳೆಗಳಿಗೆ ನೂಲು ಇತ್ತು, ತಮ್ಮನದಕ್ಕೆ ಇಲ್ಲ. ಇದರಲ್ಲಿ ಮನಸ್ಸಿನ ಮಾತೆಲ್ಲಿ ಬಂತು? ಅಂದಹಾಗೆ ಪೋಲಿಯೋದಲ್ಲಿಯೂ ದುಪ್ಪಟ್ಟು ಹೊರೆ ಹೊತ್ತ ನರಗಳು ಹಲವು ದಶಕಗಳ ಬಳಿಕ ಬಳಲುವುದುಂಟು. ಅಂತಹವರಿಗೂ ಅತಿಶ್ರಮ ಕೂಡದು.

ಜಿಮ್ಮಿಗೆ ಹೋಗುವ ಸಹಪಾಠಿಗಳಿಗಾಗಿ ಇನ್ನೊಂದು ಉದಾಹರಣೆ. ಹದಿಹರೆಯದಿಂದ ಇಪ್ಪತ್ತೈದರೊಳಗಿನ ತರುಣರಲ್ಲಿ ಒಂದೇ ತೋಳು ಅಥವಾ ಒಂದೇ ಕಾಲು ಮೆಲ್ಲನೆ ಸಪೂರವಾಗುತ್ತ ಹೋಗಿ, ಕೆಲವು ವರ್ಷಗಳಲ್ಲಿ ತಾನಾಗಿಯೇ ನಿಂತುಬಿಡುವ ರೋಗವೊಂದಿದೆ. ನಿಮ್ಹಾನ್ಸಿನ ಡಾ. ಗೌರಿದೇವಿಯವರೂ ಸಂಗಡಿಗರೂ 1984ರಲ್ಲಿ ಇಂತಹ 23 ರೋಗಿಗಳನ್ನು ವಿವರಿಸಿ ಇದಕ್ಕೆ ಮಾನೊಮೆಲಿಕ್ ಅಮಯೋಟ್ರೋಫಿ ಎಂದು ಹೆಸರಿಟ್ಟರು. ಸಪೂರವಾದ ತೋಳಿಗೆ ಡಂಬಲ್ಲಿನ ಭಾರ ಹೆಚ್ಚಿಸುತ್ತ ಹೋದರೆ ಸತ್ತ ನರಕೋಶ ಹುಟ್ಟಿ ಬರುವುದಿಲ್ಲ. ಒಂದು ಕೈ ಮಾತ್ರ ಕ್ಷೀಣಿಸುತ್ತಿದ್ದರೆ ಜಿಮ್ಮಿನ ಮಾಸ್ತರರ ಬಳಿಗಲ್ಲ, ನರರೋಗದ ವೈದ್ಯರ ಬಳಿಗೆ ಹೋಗಿ.

ಇನ್ನು ಹೇಳಲು ಹಿಂಜರಿಯುತ್ತಿದ್ದ ಮಾತಿಗೆ ಬರುತ್ತೇನೆ. ನಮ್ಮದು ಅಳಿಯಸಂತಾನದ ಕಟ್ಟು ನಡೆದುಬಂದ ಮನೆತನ. ಆಸ್ತಿಯೇನೂ ಇಲ್ಲದಿದ್ದರೂ ಬಳಿಯೆಂಬುದು ನಮಗೆ ತಾಯಿಯಿಂದ. ಈ ರೋಗವೂ ಸಾಮಾನ್ಯವಾಗಿ ಬರುವುದು ಆ ದಾರಿಯಲ್ಲಿಯೇ. ಡಿಸ್ಟ್ರೋಫಿನ್ನಿನ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಗಂಡಿಗೆ ಇರುವುದೊಂದೇ, ಅದೂ ತಾಯಿ ಕೊಟ್ಟದ್ದು. ಅಮ್ಮನ ಅಣ್ಣನೊಬ್ಬರು, ನನ್ನ ಸೋದರಮಾವ, ನಾನು ಹುಟ್ಟುವುದಕ್ಕೆ ಮೊದಲೇ 17ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಕಾಲು ಸೋತಿತ್ತಂತೆ. ಅದನ್ನು ದೈವದ ಉಪದ್ರವೆಂದು ತಿಳಿದು ಪ್ರಶ್ನೆ ಇಡಿಸಿ, ಹೇಳಿದ್ದನ್ನೆಲ್ಲ ಮಾಡಿದ್ದರು. ತಮ್ಮನ ವಿಷಯ ತಿಳಿದಾಗ ಅಪ್ಪನ ಕಡೆಯವರಲ್ಲಿ ಒಬ್ಬಿಬ್ಬರು ಅಮ್ಮನೆದುರಿಗೇ, "ನಿಮ್ಮ ಬಳಿಯ ದೋಷ" ಎಂದರು. ಅಮ್ಮ ಬೀಡಿಯ ಮೊರದಿಂದ ತಲೆಯೆತ್ತಲಿಲ್ಲ. ಸುಮಾರು ಮೂರರಲ್ಲಿ ಒಂದು ಮಗುವಿಗೆ ಈ ತಪ್ಪು ತಾಯಿಯಲ್ಲಿಲ್ಲದೆ ಹೊಸದಾಗಿಯೇ ಹುಟ್ಟುತ್ತದೆ. ಉಳಿದೆಡೆ ತಾಯಿಯಿಂದ ಬಂದರೂ ಅದು ತಾಯಿ ಮಾಡಿದ ತಪ್ಪೇ? ಎರಡು ಎಕ್ಸ್‌ಗಳಲ್ಲಿ ಯಾವುದು ಮಗುವಿಗೆ ಹೋಗಬೇಕೆಂದು ಆರಿಸಿದ ಹೆಂಗಸು ಲೋಕದಲ್ಲಿಲ್ಲ. ದೋಷವನ್ನು ಹೊತ್ತ ತಾಯಂದಿರ ಹೃದಯವೂ ಕೆಲವೊಮ್ಮೆ ದುರ್ಬಲವಾಗಬಹುದು, ಅವರನ್ನೂ ಪರೀಕ್ಷಿಸಬೇಕು ಎಂದು ವೈದ್ಯರು ಹೇಳಿದ್ದರು. ಬಳಿಯ ದೋಷವನ್ನು ಎತ್ತಿ ಆಡಿದವರಲ್ಲಿ ಒಬ್ಬರಾದರೂ ಅಮ್ಮನ ಹೃದಯದ ಪರೀಕ್ಷೆಯಾಯಿತೇ ಎಂದು ಕೇಳಲಿಲ್ಲ.

ಅಮ್ಮನಲ್ಲಿ ಆ ಜೀನಿನ ದೋಷವಿದೆಯೆಂದು ಪರೀಕ್ಷೆಯಲ್ಲಿ ಕಂಡಿದೆ. ಹಾಗಾಗಿ ನನ್ನಲ್ಲಿಯೂ ಇರುವ ಸಾಧ್ಯತೆ ಎರಡರಲ್ಲೊಂದು. ರಕ್ತ ಕೊಟ್ಟರೆ ತಿಳಿಯುತ್ತದೆ. ಮನೆಯ ಹಿರಿಯರಿಗೆ ಇದು ಬೇಡ. ತಿಳಿದರೆ ಸಂಬಂಧ ಬರುವುದಿಲ್ಲ, ತಿಳಿಯದಿದ್ದರೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ ಎಂಬುದು ಅವರ ಯುಕ್ತಿ. ಒಂದು ವರ್ಷ ನಾನೂ ಆ ಯುಕ್ತಿಯ ಮರೆಯಲ್ಲಿದ್ದೆ. ಈಗ ಅನಿಸುವುದೇ ಬೇರೆ. ನಾನು ತಿಳಿದುಕೊಂಡಿದ್ದರೆ, ಮುಂದೆ ಹುಟ್ಟುವ ಮಗುವಿನ ವಿಷಯದಲ್ಲಿ ವೈದ್ಯರನ್ನು ಕೇಳಿ ತೀರ್ಮಾನಿಸಬಹುದು. ಭ್ರೂಣಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾನೂನು ಕೂಡ ಇಂತಹ ವಂಶವಾಹಿ ರೋಗಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶವನ್ನಿಟ್ಟಿದೆ. ತಿಳಿದುಕೊಳ್ಳದಿದ್ದರೆ ಇನ್ನೊಬ್ಬ ಹುಡುಗನ ಮೀನಖಂಡವನ್ನು ಹಿಡಿದು ಯಾರೋ ಹೊಗಳುತ್ತಾರೆ. ಪರೀಕ್ಷೆಗಳು ಮುಗಿದ ಕೂಡಲೇ ರಕ್ತ ಕೊಡುವುದೆಂದು ನಿಶ್ಚಯಿಸಿದ್ದೇನೆ. ಅಮ್ಮನಿಗೆ ಹೇಳಿದ್ದೇನೆ, ಅಪ್ಪನಿಗೆ ಹೇಳಲು ಇನ್ನೂ ಧೈರ್ಯ ಬಂದಿಲ್ಲ. ಪುಣ್ಯಕ್ಕೆ ಅಪ್ಪ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಓದುವುದಿಲ್ಲ.

ನಮ್ಮ ತರಗತಿಯವರಲ್ಲಿ ಅರ್ಧಕ್ಕರ್ಧ ಮಂದಿ ಬಿ.ಎಡ್. ಮಾಡಿ ಮೇಷ್ಟ್ರಾಗುವವರು. ಈ ಲೇಖನ ಮುಖ್ಯವಾಗಿ ಅವರಿಗಾಗಿ. ನಾಳೆ ನಿಮ್ಮ ಎದುರಿಗೆ ತುದಿಗಾಲಿನಲ್ಲಿ ನಡೆಯುವ, ಸುಮ್ಮಸುಮ್ಮನೆ ಬೀಳುವ, ತೊಡೆಗೆ ಕೈಯೂರಿ ಏಳುವ, ಮೀನಖಂಡ ಮಾತ್ರ ದಪ್ಪಗಿರುವ ಹುಡುಗನೊಬ್ಬ ಬಂದು ನಿಂತಾನು. ಅವನಿಗೆ ಬಸ್ಕಿ ಹೊಡೆಸಬೇಡಿ. ಒಂದು ರಕ್ತಪರೀಕ್ಷೆ ಮಾಡಿಸಿರೆಂದು ತಾಯ್ತಂದೆಗಳಿಗೆ ಹೇಳಿ. ನಮ್ಮ ಮನೆಯಲ್ಲಿ ಆ ಮಾತನ್ನು ಮೂರು ವರ್ಷ ಮುಂಚೆ ಯಾರಾದರೂ ಹೇಳಿದ್ದರೆ ಮಾತ್ರೆಗಳು ಮೊದಲೇ ಶುರುವಾಗುತ್ತಿದ್ದವು.

ಕಾಲೇಜಿನ ಆಡಳಿತದವರಲ್ಲಿಯೂ ಒಂದು ಅರಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿರುವ 21 ನ್ಯೂನತೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಒಂದು. ಸರಕಾರಿ ಕಾಲೇಜುಗಳಲ್ಲಿ ನೂರಕ್ಕೆ 5 ಸ್ಥಾನಗಳನ್ನು ಅದು ಕಾದಿರಿಸಿದೆ. ಇದ್ದ ಕಟ್ಟಡಗಳನ್ನು ಸರಿಪಡಿಸಲು, ನಿಯಮಗಳು ಹೊರಟ ದಿನದಿಂದ 5 ವರ್ಷಗಳ ಗಡುವನ್ನೂ ಕೊಟ್ಟಿತ್ತು. ನಿಯಮಗಳು ಹೊರಟದ್ದು 2017ರಲ್ಲಿ. ಸ್ಥಾನವಿದ್ದರೂ ಅದನ್ನು ತಲಪಲು ದಾರಿಯಿರಬೇಕಲ್ಲವೆ? ನನ್ನ ತಮ್ಮನಿಗೆ ಇತಿಹಾಸವೆಂದರೆ ಬಹಳ ಇಷ್ಟ. ನನ್ನ ಪಠ್ಯಪುಸ್ತಕಗಳನ್ನೆಲ್ಲ ನನಗಿಂತ ಮೊದಲೇ ಓದಿ ಮುಗಿಸುತ್ತಾನೆ. ನಾಲ್ಕು ವರ್ಷಗಳ ಬಳಿಕ ಇಲ್ಲಿಗೇ ಸೇರುತ್ತೇನೆಂದು ಹೇಳುತ್ತಿದ್ದಾನೆ. ಇತಿಹಾಸದ ತರಗತಿ ನಡೆಯುವುದು ಮೇಲಿನ ಮಹಡಿಯಲ್ಲಿ. ಹೆಬ್ಬಾಗಿಲಿಗೆ 6 ಮೆಟ್ಟಿಲು, ಅಲ್ಲಿಂದ ಮಹಡಿಗೆ 24. ಪ್ರತಿದಿನ ಹತ್ತುವಾಗ ಎಣಿಸುವ ಅಭ್ಯಾಸವಾಗಿದೆ. ಅಪ್ಪನಿಗೆ ಆಗ ಐವತ್ತೈದು ದಾಟಿರುತ್ತದೆ.